ಅರವತ್ತು ರೊಟ್ಟಿ, ಐದು ಬ್ಯಾಟ್ರಿ

ಮುಲುಂಡಿನ ಆ ಹಳೆಯ ಸೊಸೈಟಿಯ ದೊಡ್ಡ ಕೇಬಲ್ಲು ಮೊದಲ ಮಳೆಗೇ ಸುಟ್ಟುಹೋದಾಗ ಎ ವಿಂಗಿನವರು, ಬಿ ವಿಂಗಿನವರು ಎಲ್ಲರೂ ಗೇಟಿನ ಹತ್ತಿರ ನಿಂತು ಬೈದದ್ದೇ ಬೈದದ್ದು. ಬಿ ವಿಂಗಿನ ಎರಡನೇ ಮಹಡಿಯ ನೀಲಕಂಠಪ್ಪನೊಬ್ಬ ಮಾತ್ರ ನೋಟಿಸನ್ನು ಎರಡೆರಡು ಸಲ ಓದಿ, ಮೀಸೆಯಲ್ಲೇ ನಗುತ್ತ ಮೆಟ್ಟಿಲು ಹತ್ತಿದ. ಹೊಸ ಕೇಬಲ್ಲು ಹಾಕಲು ಆರು ವಾರ ಬೇಕು. ಅಲ್ಲಿಯ ತನಕ ಒಂದು ತಾತ್ಕಾಲಿಕ ಲೈನು, ಅದು ಒಂದು ಹೊತ್ತಿಗೆ ಒಂದೇ ವಿಂಗಿನ ಭಾರ ಹೊರುತ್ತದೆ. ಹಾಗಾಗಿ ಪಾಳಿ.

"ಸಂಜಿ ಆರರಿಂದ ಮುಂಜಾನೆ ಎಂಟರ ತನಕ ಕರೆಂಟ್ ಇಲ್ಲ," ಎಂದು ಅವನು ಮನೆಯಲ್ಲಿ ಸಾರಿದ. "ಈ ವಾರ ನಮಗಿಲ್ಲ, ಮುಂದಿನ ವಾರ ಎ ವಿಂಗಿನವರಿಗಿಲ್ಲ. ಹಿಂಗ ಆರು ವಾರ."

"ಅದಕ್ಯಾಕ ನಗಾಕತ್ತೀರಿ?" ಎಂದಳು ಹೆಂಡತಿ ಮಲ್ಲವ್ವ. "ಮನ್ಯಾಗ ಕತ್ತಲಾದ್ರ ಮಂದಿ ಅಳ್ತಾರ."

"ಅಲ್ಲಾ, ಒಂದು ಚಲೋ ಬ್ಯಾಟ್ರಿ ತರಬೇಕಾತಲ್ಲ."

"ಬಂತು ನೋಡು," ಎಂದು ಮಲ್ಲವ್ವ ಹಣೆ ಬಡಿದುಕೊಂಡಳು. ಟಾರ್ಚಿಗೆ ಬೈಲಹೊಂಗಲದ ಕಡೆಯವರು ಬ್ಯಾಟ್ರಿ ಅನ್ನುವುದು, ಮುಂಬಯಿಗೆ ಬಂದು ನಲವತ್ತು ವರ್ಷವಾದರೂ ಈ ಇಬ್ಬರ ಬಾಯಲ್ಲಿ ಬದಲಾಗಿರಲಿಲ್ಲ.

ಅವಳು ಹಣೆ ಬಡಿದುಕೊಳ್ಳಲು ಕಾರಣವಿತ್ತು. ನೀಲಕಂಠಪ್ಪ ಭಾಂಡುಪಿನ ಒಂದು ಫ್ಯಾನಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಚೆಕ್ಕಿಂಗ್ ಇಲಾಖೆಯಲ್ಲಿದ್ದವನು. ಬೇರೆಯವರು ಮಾಡಿದ ಫ್ಯಾನನ್ನು ತಿರುಗಿಸಿ, ಕಿವಿಗೊಟ್ಟು ಕೇಳಿ, 'ಪಾಸ್' ಇಲ್ಲವೇ 'ಬಾದ್' ಎಂದು ಚೀಟಿ ಅಂಟಿಸುವುದು ಅವನ ಕೆಲಸ. ನಿವೃತ್ತನಾಗಿ ಎಂಟು ವರ್ಷವಾಗಿತ್ತು, ಚಟ ಬಿಟ್ಟಿರಲಿಲ್ಲ. ಸೋಪು ಎಷ್ಟು ದಿನಕ್ಕೆ ಸವೆಯುತ್ತದೆ, ಯಾವ ಕಂಪನಿಯ ಛತ್ರಿ ಎಷ್ಟು ಮಳೆಗೆ ಸೋರುತ್ತದೆ, ಎಲ್ಲ ಅವನ ನೋಟ್‌ಬುಕ್ಕಿನಲ್ಲಿತ್ತು. ಬಿಡುವಿಲ್ಲದವರಿಗೆ ಇದು ತಲೆನೋವು, ಆದರೆ ನೋಡಲು ಮಜವಾಗಿರುತ್ತಿತ್ತು.

"ಮೊಬೈಲಿನ ಲೈಟ್ ಸಾಕಾಗಂಗಿಲ್ಲೇನಪಾ?" ಎಂದ ಮಗ ಅನಿಲಕುಮಾರ. ಅವನು ಟ್ರಾನ್ಸ್‌ಪೋರ್ಟ್ ಕಚೇರಿಯಿಂದ ಬರುವುದೇ ರಾತ್ರಿ ಒಂಬತ್ತಕ್ಕೆ, ಊಟ, ನಿದ್ದೆ.

"ಮೊಬೈಲ್ ಹಿಡಕೊಂಡ ನಿಮ್ಮವ್ವ ಯಾವ ಕೈಲೆ ರೊಟ್ಟಿ ಬಡೀಬೇಕಲೇ?"

ಇದು ನಿಜವಾದ ಪ್ರಶ್ನೆ. ಮಲ್ಲವ್ವ ಇಪ್ಪತ್ತಾರು ವರ್ಷದಿಂದ ದಿನಕ್ಕೆ ಅರವತ್ತು ಜೋಳದ ರೊಟ್ಟಿ ಬಡಿದು ದಾದರಿನ ಗುರುಪಾದನ ಖಾನಾವಳಿಗೆ ಕಳಿಸುತ್ತಿದ್ದಳು. ನಾಲ್ಕಕ್ಕೆ ಎದ್ದು ಕೂತರೆ ಆರೂವರೆಗೆ ಡಬ್ಬಿ ತುಂಬಬೇಕು. ನೀಲಕಂಠಪ್ಪ ಡಬ್ಬಿಯನ್ನು ಸ್ಟೇಶನ್ನಿಗೆ ಒಯ್ದು ಖಾನಾವಳಿಯ ಆಳು ಶ್ರೀಶೈಲನ ಕೈಗೆ ಕೊಟ್ಟರೆ, ಆತ ಆರು ಐವತ್ತರ ಲೋಕಲ್ ಹಿಡಿಯುತ್ತಾನೆ. ಗುರುಪಾದನಿಗೆ ಹೀಗೆ ರೊಟ್ಟಿ ಕೊಡುವ ಹೆಂಗಸರು ಒಂಬತ್ತು ಮಂದಿ. ಅವನದು ಒಂದೇ ಕಟ್ಟುನಿಟ್ಟು: ರೊಟ್ಟಿ ಎಷ್ಟೇ ಕಡಿಮೆ ಬಂದರೂ ನಡೆಯುತ್ತದೆ, ಆದರೆ ಡಬ್ಬಿ ದಿನಾ ಬರಬೇಕು. ಒಂದು ದಿನ ಖಾಡಾ ಮಾಡಿದವಳ, ಅಂದರೆ ತಪ್ಪಿಸಿದವಳ ಪಾಳಿ, ಕಾಯುತ್ತ ಕೂತ ಮುಂದಿನವಳಿಗೆ ಹೋಗುತ್ತದೆ. ಮಗನ ಲಗ್ನದ ದಿನವೂ ಮಲ್ಲವ್ವ ಅರಿಶಿನದ ಕೈಯಲ್ಲೇ ಅರವತ್ತು ಬಡಿದು ಕಳಿಸಿದ್ದಳು.

ಆದರೆ ಯುಗಾದಿಯಿಂದೀಚೆ ಗಾಳಿ ಬೇರೆಯಾಗಿತ್ತು. ಡಬ್ಬಿಯಲ್ಲಿ ಆರೇಳು ರೊಟ್ಟಿ ಹೊತ್ತಿರುವುದು, ಮೂರು ನಾಲ್ಕು ಹಸಿಯಾಗಿರುವುದು. ಗುರುಪಾದ ಎರಡು ಸಲ ಫೋನ್ ಮಾಡಿ, "ಕಾಕಾ, ಭಾಂಡುಪಿನ ಚನ್ನವ್ವ ಪಾಳಿಗೆ ನಿಂತು ವರ್ಷ ಆತು, ನನಗೂ ಗಿರಾಕಿ ಅದಾರ," ಎಂದಿದ್ದ. ಸೊಸೆ ದಾನೇಶ್ವರಿಗೆ ಇಷ್ಟೇ ಸಾಕಾಯಿತು. ಆಕೆ ಒಂದು ಪ್ಯಾಥಾಲಜಿ ಲ್ಯಾಬಿನ ಕೌಂಟರಿನಲ್ಲಿ ದಿನವಿಡೀ ನಿಂತು ಬರುವವಳು, ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲೇ ಆಡುವವಳು.

"ಅತ್ತ್ಯಾರ, ಸಾಕ ಮಾಡ್ರಿ ಇನ್ನ. ಅಡಗೀ ಮನಿ ತುಂಬ ಹಿಟ್ಟು. ಡಬ್ಬಿ ಮ್ಯಾಲೆ ಹಿಟ್ಟು, ಮಿಕ್ಸರ್ ಮ್ಯಾಲೆ ಹಿಟ್ಟು, ನಿಮ್ಮ ಮೊಮ್ಮಗಳು ಸ್ನೇಹಲಳ ಯೂನಿಫಾರ್ಮ್ ಮ್ಯಾಲೂ ಹಿಟ್ಟು. ನೀವು ಕುಂತು ರೊಟ್ಟಿ ಬಡಿಯೋ ಆ ಕಟ್ಟಿ ತಗಿಸಿ, ನಿಂತು ಅಡಗೀ ಮಾಡೋ ಓಟಾ ನಾ ಛಂದಂಗೆ ಮಾಡಸ್ತೀನಿ."

"ನಾ ಸತ್ತ ಮ್ಯಾಲೆ ಮಾಡಿಸ್ಕೋ."

"ಅಂಥಾ ಮಾತ ಯಾಕ ಆಡ್ತೀರಿ? ನಾ ಓಟಾ ಅಂದೆ, ನೀವು ಸಾಯೋ ತನಕ ಹೋದ್ರಿ!"

ಇಂಥ ಮನೆಗೆ ಕತ್ತಲು ಬಂತು. ಇನ್ನೊಂದು ಡಬ್ಬಿ ಕೆಟ್ಟರೆ ಮಲ್ಲವ್ವನ ಪಾಳಿ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನೀಲಕಂಠಪ್ಪ ಎರಡೇ ದಿನದಲ್ಲಿ ಐದು ಟಾರ್ಚು ಕೂಡಿಹಾಕಿದ. ಮೂರು ಸೆಲ್ಲಿನ ಪ್ಲಾಸ್ಟಿಕ್ಕಿನದು ಒಂದು. ಚಾರ್ಜ್ ಮಾಡುವ ಅಲ್ಯುಮಿನಿಯಮ್ಮಿನದು ಒಂದು. ಹಿಡಿಕೆಯ ಲಾಟೀನಿನಂಥದು ಒಂದು. ಅನಿಲಕುಮಾರ ಆನ್‌ಲೈನಿನಲ್ಲಿ ತರಿಸಿಕೊಟ್ಟ, ಹಣೆಗೆ ಕಟ್ಟುವ ದೀಪ ಒಂದು. ಕೊನೆಯದು ದಾದರಿನ ಫುಟ್‌ಪಾತಿನಲ್ಲಿ ಸಿಕ್ಕ ಎರಡು ಸೆಲ್ಲಿನ ಹಳೇ ಮಾದರಿ, ಒಳಗೆ ಹಳದಿ ಬಲ್ಬು. ಅದನ್ನು ತಂದದ್ದು ಬರೀ ಹೋಲಿಸಿ ನೋಡಲಿಕ್ಕೆ.

ಪರೀಕ್ಷೆ ಶುರುವಾಯಿತು. ಹೈಸ್ಕೂಲಿನ ಮೊಮ್ಮಗಳು ಸ್ನೇಹಲ್ ಗಂಟೆ ಬರೆಯುವವಳು. ಐದನ್ನೂ ಒಟ್ಟಿಗೇ ಹಚ್ಚಿ ಕಪಾಟಿನ ಮೇಲೆ ಸಾಲಾಗಿ ನಿಲ್ಲಿಸಿ, ಯಾವುದು ಯಾವಾಗ ಮಂಕಾಯಿತು ಎಂದು ನೋಡಿದರು. ಸೊಂಟದ ಎತ್ತರದಿಂದ ನೆಲಕ್ಕೆ ಬೀಳಿಸಿದರು. ಹಿಟ್ಟಿನ ಕೈಯಲ್ಲಿ ಸ್ವಿಚ್ಚು ಒತ್ತಿದರು, ಮೇಲೆ ನೀರು ಚಿಮುಕಿಸಿದರು.

"ಅಜ್ಜಾ, ಈ ಡಬ್ಬಾ ಮೇಲೆ ಟ್ವೆಲ್ವ್ ಅವರ್ಸ್ ಅಂತ ಲಿಖಾ ಹೈ," ಎಂದಳು ಸ್ನೇಹಲ್. ಅವಳ ಕನ್ನಡ ಅಷ್ಟೇ, ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ. "ನಾಲ್ಕು ಗಂಟೆಗೇ ಮರ್ ಗಯಾ!"

"ಡಬ್ಬಿ ಮ್ಯಾಲಿನ ಮಾತು ಮದವೀ ಬ್ರೋಕರನ ಮಾತು. ಬರಕೋ: ನಾಕು ತಾಸು ಹತ್ತು ಮಿನಿಟು."

ಲಾಟೀನು ಬಿದ್ದು ಒಡೆಯಿತು. ಪ್ಲಾಸ್ಟಿಕ್ಕಿನದರ ಸ್ವಿಚ್ಚಿನಲ್ಲಿ ಹಿಟ್ಟು ಸಿಕ್ಕಿಕೊಂಡಿತು. ಅಲ್ಯುಮಿನಿಯಮ್ಮಿನದು ಜೋರು, ಆದರೆ ಹಗಲಿಗೆ ಚಾರ್ಜಿಗೆ ಹಾಕುವುದನ್ನು ಒಂದು ದಿನ ಮರೆತರೆ ಕೈಕೊಟ್ಟಂತೆಯೇ. ಹಣೆಯ ದೀಪ ಮಾತ್ರ ಬಿದ್ದರೂ, ನೆನೆದರೂ, ಒಂಬತ್ತು ತಾಸು ಹಾಲಿನಂಥ ಬಿಳಿ ಬೆಳಕು ಕೊಟ್ಟು ಗೆದ್ದಿತು. ಎರಡೂ ಕೈ ಖಾಲಿ ಬೇರೆ. ನೀಲಕಂಠಪ್ಪ ಅದಕ್ಕೆ ಪಾಸ್ ಎಂದು ಬರೆದು, ಹಳದಿ ಬಲ್ಬಿನದಕ್ಕೆ 'ಬೆಳಕು ಸಾಲದು' ಎಂಬ ಕಾರಣ ಸಹಿತ ಬಾದ್ ಎಂದು ಬರೆದ.

ಮರುದಿನ ಬೆಳಗಿನ ಜಾವ ಮಲ್ಲವ್ವ ಹಣೆಗೆ ಪಟ್ಟಿ ಕಟ್ಟಿಕೊಂಡು ಕೂತಳು. "ಗಣಿಯಾಗ ಇಳಿಯೋ ಮಂದಿ ಆದಂಗ ಆತು ನನ್ನ ಅವತಾರ," ಎಂದು ನಕ್ಕಳು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಅರವತ್ತರಲ್ಲಿ ಹದಿನಾಲ್ಕು ಹೊತ್ತಿದವು. ಹೊತ್ತಿದ್ದನ್ನು ತೆಗೆದಿಟ್ಟು ನಲವತ್ತಾರೇ ಕಳಿಸಿದರು. ಎರಡನೇ ದಿನ ಹದಿನಾರು ಹೋದವು. ಹೊಗೆಗೆ ಎದ್ದು ಬಂದ ದಾನೇಶ್ವರಿ ಏನೂ ಅನ್ನದೆ ಕಿಟಕಿ ತೆರೆದಳು. ಆಕೆ ಏನೂ ಅನ್ನದಿದ್ದುದೇ ಮಲ್ಲವ್ವನಿಗೆ ಹೆಚ್ಚು ಚುಚ್ಚಿತು.

ಮೂರನೇ ದಿನ ಮಲ್ಲವ್ವ ಹಣೆಯ ದೀಪ ಕಿತ್ತು ಮೂಲೆಗೆ ಒಗೆದಳು. "ಸುಡುಗಾಡು ಬೆಳಕು! ಆ ಹಳದೀದು ಕೊಡ್ರಿ."

"ಏ, ಅದು ಬಾದ್ ಐತಿ."

"ನನ್ನ ಗಂಡನೂ ಹಂಗ ಅದಾನ, ನಡಿಸಿಲ್ಲೇನು? ಕೊಡ್ರಿ ಇಲ್ಲೆ."

ಹಳದಿ ಟಾರ್ಚನ್ನು ಡಬ್ಬಿಗಳ ನಡುವೆ ಮೇಲ್ಮುಖವಾಗಿ ನಿಲ್ಲಿಸಿದರು. ಬೆಳಕು ಛತ್ತಿಗೆ ಬಡಿದು ಮಬ್ಬಾಗಿ ಕೆಳಗಿಳಿಯಿತು. ನೀಲಕಂಠಪ್ಪನಿಗೆ ತನ್ನ ಕೈ ತನಗೇ ಸರಿಯಾಗಿ ಕಾಣಲಿಲ್ಲ. ಆದರೆ ಆ ಮಬ್ಬಿನಲ್ಲಿ ಮಲ್ಲವ್ವ ಬಡಿದ ಅರವತ್ತಕ್ಕೆ ಅರವತ್ತೂ ಹೂವಿನಂತೆ ಬಂದವು. ಮಧ್ಯಾಹ್ನ ಗುರುಪಾದನ ಫೋನು: "ಕಾಕಾ, ಹಿಟ್ಟು ಬದಲ ಮಾಡೀರೇನು? ಅಕ್ಕಾರ ಹಳೇ ಕೈ ಬಂದೈತಿ ನೋಡ್ರಿ ಇವತ್ತು!"

ಆ ವಾರದ ಉಳಿದ ದಿನಗಳಲ್ಲೂ ಹಾಗೆಯೇ. ಮನೆಯವರೆಲ್ಲ ಹಿಗ್ಗಿದರು. ನೀಲಕಂಠಪ್ಪನೊಬ್ಬನಿಗೆ ಮಾತ್ರ ತಲೆ ಕೆಟ್ಟಿತು. ಬಾದ್ ಆದ ಮಾಲು ಪಾಸಾದ ಮಾಲನ್ನು ಹೇಗೆ ಸೋಲಿಸಿತು? ಮೂವತ್ತೊಂದು ವರ್ಷದಲ್ಲಿ ಇಂಥದೊಂದು ನಡೆದಿರಲಿಲ್ಲ. ಹಳದಿ ಬೆಳಕಿನಲ್ಲಿ ರೊಟ್ಟಿಯ ಕಂದು ಬಣ್ಣ ಎದ್ದು ಕಾಣುತ್ತದೇನೋ ಎಂದು ಒಂದು ದಿನ ತಾನೇ ಹಂಚಿನ ಮೇಲೆ ಬಗ್ಗಿ ನೋಡಿ ಮೂಗು ಸುಟ್ಟುಕೊಂಡ. ಬಿಳಿ ದೀಪಕ್ಕೆ ಸ್ನೇಹಲಳ ಹಳದಿ ಜಿಲೇಟಿನ್ ಕಾಗದ ಸುತ್ತಿ ಕೊಟ್ಟ. ಮಲ್ಲವ್ವ ಅದನ್ನು ಮುಟ್ಟಲಿಲ್ಲ.

ಎರಡನೇ ವಾರ ಬಿ ವಿಂಗಿಗೆ ಕರೆಂಟಿನ ಪಾಳಿ. ಅಡುಗೆಮನೆಯ ಟ್ಯೂಬ್‌ಲೈಟು ಝಗ್ ಎಂದು ಹತ್ತಿತು. ಅಂದು ಹನ್ನೆರಡು ರೊಟ್ಟಿ ಹೊತ್ತಿದವು, ಐದು ಹಸಿ ಉಳಿದವು.

ನೀಲಕಂಠಪ್ಪ ನೋಟ್‌ಬುಕ್ ತೆರೆದು ಬಹಳ ಹೊತ್ತು ಕೂತ. ಬಿಳಿ ದೀಪ, ಕೆಟ್ಟಿತು. ಹಳದಿ ದೀಪ, ಸರಿಯಾಯಿತು. ಟ್ಯೂಬ್‌ಲೈಟು, ಕೆಟ್ಟಿತು. ಟ್ಯೂಬ್‌ಲೈಟು ಯಾರೂ ನಿನ್ನೆ ಮೊನ್ನೆ ತಂದದ್ದಲ್ಲ. ಅಂದರೆ ತಪ್ಪು ಬ್ಯಾಟ್ರಿಯದಲ್ಲ. ಹಾಗಾದರೆ ಇಷ್ಟು ದಿನ ತಾನು ಚೆಕ್ ಮಾಡಿದ್ದು ಏನನ್ನು?

ಮರುದಿನ ನಸುಕಿನಲ್ಲಿ ಅವನು ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಸುಮ್ಮನೆ ಹೆಂಡತಿಯನ್ನು ನೋಡುತ್ತ ಕೂತ. ಹಂಚಿನ ಮೇಲೆ ರೊಟ್ಟಿ ಹಾಕಿ, ಮೇಲೆ ನೀರಿನ ಅರಿವೆ ಆಡಿಸಿ, ಆ ನೀರಿನ ಹೊಳಪು ಆರುವ ಗಳಿಗೆಗೆ ತಿರುವಬೇಕು. ಮೊದಲು ಮಾಡಿದರೆ ಹಸಿ, ಆಮೇಲೆ ಮಾಡಿದರೆ ಕರಕಲು. ಮಲ್ಲವ್ವ ಹಂಚಿನ ತೀರ ಹತ್ತಿರ ಮುಖ ಒಯ್ಯುತ್ತಿದ್ದಳು, ಕಣ್ಣು ಕಿರಿದು ಮಾಡುತ್ತಿದ್ದಳು, ಕೊನೆಗೆ ಮೂಸಿ ನೋಡುತ್ತಿದ್ದಳು. ನೀಲಕಂಠಪ್ಪ ಕೈ ಚಾಚಿ ಟ್ಯೂಬ್‌ಲೈಟು ಆರಿಸಿದ. ಹೊರಗಿನ ಕೋಣೆಯ ಸಣ್ಣ ಬಲ್ಬಿನ ಮಬ್ಬು ಬೆಳಕಷ್ಟೇ ಉಳಿಯಿತು.

"ಹಾಂ, ಈಗ ಚಲೋ ಆತು," ಎಂದಳು ಮಲ್ಲವ್ವ, ತನಗರಿವಿಲ್ಲದೆ.

ಅವನು ಮತ್ತೆ ಲೈಟು ಹಚ್ಚಿ, ಎದ್ದು ಹೋಗಿ ಅವಳೆದುರು ಬೆರಳೆತ್ತಿ ಹಿಡಿದ. "ಎಷ್ಟು ಬಳ್ಳು ಅದಾವ ಹೇಳು."

"ಐದು. ಒಂದೆರಡು ಬಾಡಿಗಿ ಕೊಟ್ಟೀರೇನು?"

"ಆಟ ಬ್ಯಾಡ. ಎಷ್ಟು ತೋರ್ಸಾಕತ್ತೀನಿ?"

ಮಲ್ಲವ್ವ ಕಣ್ಣು ಕಿರಿದು ಮಾಡಿ ಆ ಕೈಯತ್ತ ಬಗ್ಗಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗ ಒಲೆ ಆರಿಸಿದಳು. "ಬೆಳಕು ಬಿದ್ರ ಕಣ್ಣಮುಂದ ಹಾಲು ಚೆಲ್ಲಿದಂಗ ಅಕ್ಕೈತ್ರಿ," ಎಂದಳು ಮೆಲ್ಲಗೆ. "ಮಬ್ಬಿನ್ಯಾಗ ಅಷ್ಟಿಷ್ಟು ಕಾಣ್ತೈತಿ. ಯುಗಾದಿ ಮುಂದಿಂದ ಹಿಂಗ."

"ಯಾಕ ಹೇಳಲಿಲ್ಲ?" ಅವನಿಗೆ ಸಿಟ್ಟು ಬಂದಿತ್ತು.

"ಪೊರಿ ಅಂತಾರ, ಆಪರೇಶನ್ ಅಂತಾರ, ತಿಂಗಳೊಪ್ಪತ್ತು ಒಲೀ ಮುಂದ ಕೂಡಬ್ಯಾಡ ಅಂತಾರ. ಒಂದು ದಿನ ಖಾಡಾ ಆದ್ರ ಚನ್ನವ್ವ ಕಾಯ್ಕೊಂಡು ಕುಂತಾಳ. ಇತ್ತಾಗ ನಿಮ್ಮ ಸೊಸಿ ಕಟ್ಟಿ ಒಡಿಸ್ತಾಳ. ಆಮ್ಯಾಲೆ ನಾ ಈ ಮನ್ಯಾಗ ಏನು? ಟಿ.ವಿ. ಮುಂದ ಕೂಡೋ ಮುದುಕಿ. ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಅಷ್ಟು ಬೇಡಿಕೊಂಡದ್ದನ್ನು ಅವನು ಎಂದೂ ಕೇಳಿರಲಿಲ್ಲ. ಬುದ್ಧಿ ಬೇಡವೆಂದಿತು, ಬಾಯಿ ಹೂಂ ಎಂದಿತು. ಅಂದೇ ಟ್ಯೂಬು ಕಳಚಿ, "ಕೆಟ್ಟೈತಿ" ಎಂದು ಕಪಾಟಿನ ಹಿಂದೆ ಇಟ್ಟ. ಹಳದಿ ಟಾರ್ಚು ಮತ್ತೆ ಡಬ್ಬಿಗಳ ನಡುವೆ ನಿಂತಿತು. ರೊಟ್ಟಿ ಮತ್ತೆ ಹೂವಾದವು. ಎಂಥ ಬುದ್ಧಿವಂತ ನಾನು ಎಂದು ಎರಡು ದಿನ ನೀಲಕಂಠಪ್ಪ ಮೀಸೆ ತಿರುವಿದ.

ಶನಿವಾರ ನಸುಕಿನಲ್ಲಿ ನೀರು ಕುಡಿಯಲು ಎದ್ದ ದಾನೇಶ್ವರಿ ಫ್ರಿಜ್ಜಿನ ಬಾಗಿಲು ತೆರೆದಳು. ಒಳಗೆ ದೀಪ ಹತ್ತಿತು. ಪಕ್ಕದಲ್ಲಿ ಅತ್ತೆ ಮಾವ ಕತ್ತಲಲ್ಲಿ ಟಾರ್ಚು ಹಚ್ಚಿಕೊಂಡು ಕೂತಿದ್ದರು.

"ಇದೇನ್ರಿ? ಕರೆಂಟ್ ಐತಲ್ಲ!"

"ಟ್ಯೂಬ್ ಹೋಗೈತಿ," ಎಂದ ನೀಲಕಂಠಪ್ಪ.

"ಟ್ಯೂಬ್ ಹೋದ್ರ ನೀವು ಅರ್ಧ ತಾಸಿನ್ಯಾಗ ಮೂರು ತಂದು ಚೆಕ್ ಮಾಡೋ ಮನಷ್ಯಾರು. ನನಗ ಹೇಳಾಕ ಹೋಗಬ್ಯಾಡ್ರಿ ಮಾವಾರ." ಆಕೆ ಅತ್ತೆಯ ಗಲ್ಲ ಹಿಡಿದು ಮುಖವನ್ನು ಫ್ರಿಜ್ಜಿನ ಬೆಳಕಿಗೆ ತಿರುಗಿಸಿದಳು. ಮಲ್ಲವ್ವ ಕೈ ಅಡ್ಡ ಹಿಡಿದಳು. ಅಷ್ಟು ಸಾಕಾಯಿತು. "ಎಷ್ಟು ದಿನಾ ಆತು?"

ಗದ್ದಲಕ್ಕೆ ಅನಿಲಕುಮಾರ ಎದ್ದು ಬಂದ, ಸ್ನೇಹಲ್ ಬಂದಳು. ಎಲ್ಲವೂ ಹೊರಗೆ ಬಿತ್ತು, ಕಟ್ಟೆ ಒಡೆಸುವ ಮಾತೂ ಸೇರಿ.

"ನಾ ಕಟ್ಟಿ ಒಡಿಸ್ತೀನಿ ಅಂತ ಹೆದರಿ ಕಣ್ಣ ಕಳಕೊಳ್ಳಾಕ ಹೊಂಟಿದ್ರೇನ್ರಿ ಅತ್ತ್ಯಾರ? ನಾ ಅಷ್ಟು ಕೆಟ್ಟಾಕಿ ಏನು?" ದಾನೇಶ್ವರಿ ಫ್ರಿಜ್ಜಿನ ಬಾಗಿಲು ದೂಡಿ ಮುಚ್ಚಿದಳು. "ಹೌದು, ನನಗ ಓಟಾ ಬೇಕು. ಆಗೂ ಅಂದೇನಿ, ಈಗೂ ಅಂತೀನಿ. ಆದ್ರ ಕಣ್ಣು ಬ್ಯಾರೆ, ಓಟಾ ಬ್ಯಾರೆ. ನಾಳೆ ರವಿವಾರ, ಸೋಮವಾರ ಡಾಕ್ಟರ್ ಕಡೆ ಹೋಗೋದ ಹೋಗೋದು."

"ರೊಟ್ಟಿ ಯಾರು ಬಡೀತಾರ? ನೀ ಬಡೀತೀ ಏನು?"

"ನನಗ ಬರಂಗಿಲ್ಲ. ಕಲಿಯಾಕ ನನಗ ಹೊತ್ತಿಲ್ಲ, ಸುಳ್ಳ ಹೇಳಂಗಿಲ್ಲ."

ಅನಿಲಕುಮಾರ ಅಲ್ಲೇ ಗುರುಪಾದನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಗುರುಪಾದ ಒಳ್ಳೆಯ ಮಾತೇ ಆಡಿದ. "ಅಕ್ಕಾರು ಲಗೂ ಆರಾಮ ಆಗ್ಲಿ. ಆದ್ರ ಅಣ್ಣಾ, ಕಾಯ್ದೆ ಎಲ್ಲಾರಿಗೂ ಒಂದ. ಹತ್ತು ಬರಲಿ, ಎರಡು ಬರಲಿ, ಡಬ್ಬಿ ಬರಬೇಕು. ನಿಮಗ ಬಿಟ್ಟುಕೊಟ್ರ ಉಳದ ಎಂಟು ಮಂದಿ ನನ್ನ ಬಿಡ್ತಾರೇನು?"

ಅನಿಲಕುಮಾರ ಫೋನ್ ಇಟ್ಟ. ಮಲ್ಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ದಾನೇಶ್ವರಿ ಸುತ್ತ ನೋಡಿದಳು, ಗಂಡನನ್ನು ದಾಟಿ ಮಾವನ ಮೇಲೆ ಕಣ್ಣು ನೆಟ್ಟಳು.

"ಮಾವಾರ, ನೀವ ಕಲೀರಿ."

"ನಾ?"

"ಮೂವತ್ತೊಂದು ವರ್ಷ ಮಂದಿ ಮಾಡಿದ್ದರಾಗ ತಪ್ಪು ಹುಡುಕೀರಿ. ಈಗ ನಿಮ್ಮ ಕೈಲೆ ಒಂದು ಮಾಡಿ ತೋರಸ್ರಿ."

ಸ್ನೇಹಲ್ ಕಿಸಕ್ಕೆಂದಳು. ನೀಲಕಂಠಪ್ಪನಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಕುತೂಹಲವಾಯಿತು. ಗಂಡಸಿನ ಕೈಗೆ ಜೋಳದ ರೊಟ್ಟಿ ಬರುತ್ತದೋ ಇಲ್ಲವೋ, ಇದನ್ನು ಅವನು ಎಂದೂ ಚೆಕ್ ಮಾಡಿರಲಿಲ್ಲ.

ಡಾಕ್ಟರು ಪೊರೆಯೆಂದರು, ಬಲಗಣ್ಣು ಮೊದಲೆಂದರು, ಎರಡು ವಾರ ಬಿಟ್ಟು ಗುರುವಾರಕ್ಕೆ ಆಪರೇಶನ್ ನಿಗದಿಯಾಯಿತು. ಆ ಎರಡು ವಾರ ಡಬ್ಬಿಯ ಅರವತ್ತನ್ನು ಮಲ್ಲವ್ವನೇ ಹಳದಿ ಬೆಳಕಿನಲ್ಲಿ ಬಡಿದಳು, ಪಕ್ಕದಲ್ಲಿ ಕಲಿಯುವ ನೀಲಕಂಠಪ್ಪನ ಪಾಡು ನಾಯಿಗೂ ಬೇಡ. ಎಸರು ಹಾಕಿದರೆ ಹಿಟ್ಟು ಗಂಜಿಯಾಗುತ್ತಿತ್ತು. ನಾದಿದರೆ ಬಿರಿಯುತ್ತಿತ್ತು. ಬಡಿದರೆ ಒಂದು ಅಂಚು ಕಾಗದ, ಇನ್ನೊಂದು ಅಂಚು ಹಲಗೆ. ಹಂಚಿಗೆ ಹಾಕುವಾಗ ನಡುವೆ ಹರಿದು ಕೈ ಸುಟ್ಟಿತು.

"ಬಡೀರಿ ಅಂದ್ರ ಹೊಡ್ಯಾಕತ್ತೀರಲ್ಲ, ಅದೇನು ಪಾಪ ಮಾಡೇತಿ?" ಎನ್ನುತ್ತಿದ್ದಳು ಮಲ್ಲವ್ವ. "ಅಂಗೈಲೆ ತಿರುಗಸ್ರಿ. ತಾನ ತಿರುಗ್ತೈತಿ."

"ತಾನ ತಿರುಗಾಕ ಅದೇನು ಫ್ಯಾನ?"

ಅವನು ಹಾಳು ಮಾಡಿದ್ದನ್ನೆಲ್ಲ ಮನೆಯವರು ಎರಡು ಹೊತ್ತೂ ಮಜ್ಜಿಗೆಯಲ್ಲಿ ನೆನೆಸಿ ತಿಂದರು. ಅನಿಲಕುಮಾರನಿಗೆ ಕಚೇರಿಯ ಡಬ್ಬಿಯಲ್ಲೂ ಅದೇ. ದಾನೇಶ್ವರಿ ಹಲ್ಲು ಕಚ್ಚಿಕೊಂಡು ನೆಲದ ಹಿಟ್ಟು ಒರೆಸಿದಳು.

ಗುರುವಾರ ನಸುಕಿನಲ್ಲಿ ಮಲ್ಲವ್ವ ಹಟ ಹಿಡಿದು ಅರವತ್ತು ಬಡಿದೇ ಆಸ್ಪತ್ರೆಗೆ ಹೋದಳು. ಸಂಜೆ ಬಲಗಣ್ಣಿಗೆ ಮುಚ್ಚಳ ಅಂಟಿಸಿಕೊಂಡು ಬಂದಳು. ಮಲಗುವ ಮುಂಚೆ ಹೇಳಿದ್ದು ಒಂದೇ ಮಾತು: "ನಾಳೆ ಡಬ್ಬಿ."

ಶುಕ್ರವಾರ ನಾಲ್ಕಕ್ಕೆ ನೀಲಕಂಠಪ್ಪ ಹಣೆಗೆ ದೀಪ ಕಟ್ಟಿಕೊಂಡು ಒಬ್ಬನೇ ಒಲೆಯ ಮುಂದೆ ಕೂತ. ಬಾಗಿಲಾಚೆ, ಒಲೆಯಿಂದ ದೂರ, ದಾನೇಶ್ವರಿ ಅತ್ತೆಗೆ ಕುರ್ಚಿ ಹಾಕಿ ಕೂರಿಸಿದಳು. ನೀಲಕಂಠಪ್ಪ ಬಡಿಯತೊಡಗಿದ. ಮೊದಲ ಐದು ಹಂಚಿಗೆ ಹೋಗುವ ಮೊದಲೇ ಹರಿದವು. ಆಮೇಲಿನವನ್ನು ಒಂದೊಂದಾಗಿ ಒಯ್ದು ಮಲ್ಲವ್ವನ ಮಡಿಲಲ್ಲಿ ಅರಿವೆಯ ಮೇಲಿಟ್ಟ. ಅವಳಿಗೆ ಕಾಣುವಂತಿರಲಿಲ್ಲ. ಬೆರಳಿನಿಂದ ಅಂಚು ಹಿಡಿದು, ಸುತ್ತ ಒತ್ತಿ ನೋಡಿದಳು.

"ಇದು ಬ್ಯಾಡ, ನಡುವ ಹಸಿ ಐತಿ. ಇದೂ ಬ್ಯಾಡ."

"ಅದು ನಡೀತೈತಿ ಬಿಡ. ಗಿರಾಕಿಗೆ ಏನ ಗೊತ್ತಾಕ್ಕೈತಿ?"

"ಫ್ಯಾಕ್ಟರ್ಯಾಗ ನಡೀತೈತಿ ಅಂದ್ರ ನೀವು ಫ್ಯಾನ ಬಿಡ್ತಿದ್ರೇನು?"

ನೀಲಕಂಠಪ್ಪ ಮತ್ತೆ ಒಲೆಗೆ ಹೋದ. ಆರೂ ಕಾಲಿಗೆ ಹಿಟ್ಟು ಮುಗಿಯಿತು. ಒಟ್ಟು ಹತ್ತೊಂಬತ್ತು ಬಡಿದಿದ್ದ. ಮಲ್ಲವ್ವ ಉಳಿಸಿದ್ದು ಮೂರು. ಆ ಮೂರನ್ನು ಅವಳು ಇನ್ನೊಮ್ಮೆ ಮುಟ್ಟಿ, "ಹೂಂ," ಎಂದಳು. ಅವನಿಗೆ ಕಣ್ಣಲ್ಲಿ ನೀರು ಬಂತು, ಹೊಗೆಯ ಮೇಲೆ ಹಾಕಿದ.

ಮಳೆಯಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು ಸ್ಟೇಶನ್ನಿಗೆ ನಡೆದ. ಅರವತ್ತು ಹಿಡಿಯುವ ಡಬ್ಬಿಯಲ್ಲಿ ಮೂರು ರೊಟ್ಟಿ ಅತ್ತಿಂದಿತ್ತ ಜಾರುತ್ತಿದ್ದವು. ಪ್ಲಾಟ್‌ಫಾರ್ಮಿನಲ್ಲಿ ಶ್ರೀಶೈಲ ಡಬ್ಬಿ ಎತ್ತಿದವನೇ ಹಗುರಕ್ಕೆ ಬೆಚ್ಚಿ, ಮುಚ್ಚಳ ತೆರೆದ.

"ಕಾಕಾ, ಬರೇ ಮೂರ?"

"ಮೂರು," ಎಂದ ನೀಲಕಂಠಪ್ಪ. ಸುಟ್ಟ ಬೆರಳುಗಳನ್ನು ಜೇಬಿಗೆ ತುರುಕಿಕೊಂಡ. "ಮಲ್ಲವ್ವ ಚೆಕ್ ಮಾಡಿ ಕಳಿಸ್ಯಾಳ ಅಂತ ಗುರುಪಾದಗ ಹೇಳು. ನಾಳೆ ನಾಕು ತರ್ತೀನಿ."